ಕಪ್ಪು ಕಾಲದಲ್ಲಿ ರಜೆ ಕೇಳಬಾರದು

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಗಿಟಾರ್ ಸದ್ದು. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ ಬೆಳಿಗ್ಗೆ ಬಂದವನು ಊಟದ ಡಬ್ಬಿಯನ್ನು ಮೇಜಿನ ಕೆಳಗಿಡಲು ಬಗ್ಗಿದ್ದ. ಮೇಲಧಿಕಾರಿ ಮೇಡಂ ಕೋಣೆಯ ಮುಚ್ಚಿದ ಬಾಗಿಲಿನಾಚೆ ತಂತಿ ಮಿಡಿದದ್ದು ಕೇಳಿತು. ತಲೆ ಎತ್ತುವ ಭರದಲ್ಲಿ ಅವನು ಮೇಜಿನ ಅಂಚಿಗೆ ನೆತ್ತಿ ಹೊಡೆಸಿಕೊಂಡ.

"ಜಡೆ ಕಾಲ!" ಎಂದರು ಟೈಪಿಸ್ಟ್ ಅಕ್ಕ, ಮುಖವರಳಿಸಿ. "ದೂರಪ್ಪ, ನಿನ್ನ ಅದೃಷ್ಟ ಖುಲಾಯಿಸ್ತು. ಏಳು, ಹೋಗು, ಕೇಳು."

ದೂರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಒಡೆದ ಪೈಪು, ತಿರುಗದ ಮೀಟರು, ಒಣಗಿದ ನಲ್ಲಿ, ಹೀಗೆ ಊರಿನ ದೂರನ್ನೆಲ್ಲ ಫೋನಿನಲ್ಲಿ ಕೇಳಿ ಬರೆದುಕೊಳ್ಳುವವನೆಂದು ಕಚೇರಿಯವರು ಇಟ್ಟದ್ದು. ಊರಿನವರ ಗೋಳನ್ನೆಲ್ಲ ಕೇಳುವ ಆ ಮನುಷ್ಯನಿಗೆ ತನಗೆ ಬೇಕಾದ್ದನ್ನು ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಉಪ್ಪು ಕಮ್ಮಿಯಾದರೆ ಪಕ್ಕದ ಮೇಜಿನ ಉಪ್ಪಿನ ಡಬ್ಬಿಯನ್ನು ನೋಡುತ್ತಲೇ ಊಟ ಮುಗಿಸುವ ಪೈಕಿ. ಅಂಥವನು ಈಗ ಮೇಡಂ ಹತ್ತಿರ ನಾಲ್ಕು ದಿನದ ರಜೆ ಕೇಳಬೇಕಾಗಿತ್ತು. ಅದೂ ಇವತ್ತೇ. ನಾಡಿದ್ದು ಅವನ ಮದುವೆ.

ಮದುವೆ ಇದಕ್ಕೆ ಮೊದಲು ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲವೂ ಹುಡುಗಿಯ ಕಡೆಯವರು ತಯಾರಾಗಿದ್ದರು. ಹುಡುಗ ರಜೆ ಕೇಳಿರಲಿಲ್ಲ, ಅಷ್ಟೆ. ಹುಡುಗಿ ಒಂದು ರಾತ್ರಿ ರೈಲಿನಲ್ಲಿ ಕಳೆದರೆ ಸಿಗುವ ಊರಿನಲ್ಲಿ ಟೀಚರ್. ತಪ್ಪು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಅಭ್ಯಾಸವಿದ್ದವಳು. "ನೋಡ್ರೀ, ಇದು ಮೂರನೇ ಸಲ. ನಾಳೆ ಸಂಜೆ ಸ್ಕೂಲ್ ಬಿಡೋದ್ರೊಳಗೆ ರಜ ಸಿಕ್ತು ಅನ್ನೋ ಮಾತು ನನ್ನ ಕಿವಿಗೆ ಬೀಳ್ಬೇಕು. ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ" ಎಂದು ಹಿಂದಿನ ದಿನ ಹೇಳಿ ಫೋನ್ ಇಟ್ಟಿದ್ದಳು. ಅವಳು ಕೈತಪ್ಪಿದರೆ ತನ್ನಂಥವನನ್ನು ಕಟ್ಟಿಕೊಳ್ಳುವವಳು ಇನ್ನೊಬ್ಬಳು ಹುಟ್ಟಿಲ್ಲವೆಂದು ಅವನಿಗೆ ಖಂಡಿತವಾಗಿ ಗೊತ್ತಿತ್ತು. ಅಷ್ಟೇ ಅಲ್ಲ, ಅವಳೆಂದರೆ ಅವನಿಗೆ ಜೀವ.

ಇನ್ನು ಈ ಗಿಟಾರಿನ ವಿಷಯ. ಮೇಡಂಗೆ ಚಿಟ್ಟೆ ಎಂದರೆ ಪ್ರಾಣ. ಚಿಟ್ಟೆ ಎಂದರೆ ಹೂವಿನ ಮೇಲೆ ಕೂರುವುದಲ್ಲ, ಒಬ್ಬ ಪಾಪ್ ಹಾಡುಗಾರ್ತಿ. ಅಭಿಮಾನಿಗಳು ಪ್ರೀತಿಯಿಂದ ಇಟ್ಟ ಹೆಸರು ಅದು. ಒಂದೊಂದು ಆಲ್ಬಂ ಬಂದಾಗಲೂ ಅವಳ ಕೂದಲು, ಬಟ್ಟೆ, ವಾದ್ಯ, ಕೊನೆಗೆ ಸ್ವಭಾವವೂ ಬದಲಾಗುತ್ತಿತ್ತು. ಒಂದೊಂದು ಬದಲಾವಣೆಗೂ ಒಂದೊಂದು 'ಕಾಲ' ಎಂದು ಹೆಸರು. ಲೋಕಕ್ಕೆ ಮಳೆಗಾಲ, ಚಳಿಗಾಲ ಇದ್ದರೆ ಈ ಕಚೇರಿಗೆ ಚಿಟ್ಟೆಯ ಕಾಲಗಳು. ಯಾಕೆಂದರೆ ಮೇಡಂ ಯಾವ ಆಲ್ಬಂ ಹಾಕಿಕೊಂಡು ಕೂತಿದ್ದಾರೋ ಅದೇ ಅವರ ಆ ಹೊತ್ತಿನ ಮನಸ್ಸು.

ಎರಡು ಜಡೆ ಹಾಕಿ ಗಿಟಾರ್ ಹಿಡಿದ ಮೊದಲ ಆಲ್ಬಂ ಜಡೆ ಕಾಲ. ಅದು ಕೇಳುತ್ತಿದ್ದರೆ ಮೇಡಂ ಕರಗಿದ ಬೆಣ್ಣೆ, ಏನು ಕೇಳಿದರೂ ಸಹಿ. ಪ್ರೇಮಿ ಕೈಕೊಟ್ಟ ಮೇಲೆ ಹಾಡಿದ್ದು ಕಣ್ಣೀರ ಕಾಲ. ಆಗ ಕಾಯಿಲೆಗೂ ಸಾವಿಗೂ ಮಾತ್ರ ಬಾಗಿಲು ತಟ್ಟಬೇಕು. ಮೂರನೆಯದು ಕುಣಿತದ ಕಾಲ, ನಗುಮುಖದವರಿಗೆ ಮಾತ್ರ ಪ್ರವೇಶ. ನಾಲ್ಕನೆಯದು ಕಪ್ಪು ಕಾಲ. ಚಿಟ್ಟೆ ಕರಿಬಟ್ಟೆ ತೊಟ್ಟು ತನಗೆ ಮೋಸ ಮಾಡಿದವರನ್ನೆಲ್ಲ ಹಾಡಿನಲ್ಲೇ ಜಾಲಾಡಿದ ಆಲ್ಬಂ ಅದು. ಅದರ ಎರಡನೇ ಹಾಡಿನ ಹೊತ್ತಿಗೆ ಒಳಗೆ ಹೋಗಿ ಹೊಸ ಫ್ಯಾನ್ ಕೇಳಿದ ಸ್ಟೋರ್‌ಕೀಪರ್ ಈಗ ಬೆಟ್ಟದ ಮೇಲಿನ ಪಂಪ್‌ಹೌಸಿನಲ್ಲಿದ್ದಾನೆ. ಅಲ್ಲಿ ಗಾಳಿಗೆ ಕೊರತೆಯಿಲ್ಲವಂತೆ.

ದೂರಪ್ಪ ಎದ್ದ. ಅಂಗಿ ಎಳೆದುಕೊಂಡ. ಬಾಗಿಲ ಹತ್ತಿರ ಹೋಗಿ ತಟ್ಟಲು ಕೈ ಎತ್ತಿದ.

"ತಡಿ ತಡಿ!" ಟೈಪಿಸ್ಟ್ ಅಕ್ಕ ಓಡಿಬಂದು ಬಾಗಿಲಿಗೆ ಕಿವಿಯಿಟ್ಟರು. ಅವರ ಮಗಳ ಕೋಣೆಯಲ್ಲಿ ಗೋಡೆಯ ಬಣ್ಣ ಕಾಣದಷ್ಟು ಚಿಟ್ಟೆಯ ಚಿತ್ರಗಳಿದ್ದವು; ಹಾಗಾಗಿ ಈ ವಿಷಯದಲ್ಲಿ ಅವರ ಮಾತಿಗೆ ತೂಕ ಜಾಸ್ತಿ. "ಧ್ವನಿ ಕೇಳು. ಸ್ವಲ್ಪ ದಪ್ಪ ಅನ್ನಿಸಲ್ವಾ?"

"ದಪ್ಪ ಅಂದ್ರೆ?"

"ಇದು ಹಳೇ ಜಡೆ ಅಲ್ಲ ಮಾರಾಯ, ಮತ್ತೆ ಹಾಡಿದ್ದು! ಕಂಪನಿಯವರು ಅವಳ ಹಾಡನ್ನ ಅವಳನ್ನೇ ಕೇಳ್ದೆ ಯಾರಿಗೋ ಮಾರಿದ್ರಲ್ಲ, ಆ ಹೊಟ್ಟೆಉರಿಗೆ ಎಷ್ಟೋ ವರ್ಷ ಆದ್ಮೇಲೆ ಅದೇ ಹಾಡನ್ನ ಅವಳೇ ಇನ್ನೊಂದ್ಸಲ ಹಾಡಿ ಬಿಟ್ಲು. ಹಾಡು ಅದೇ, ಒಳಗಿನ ಸಿಟ್ಟು ಬೇರೆ. ಇದನ್ನ ಹಾಕ್ಕೊಂಡಿದ್ದಾರೆ ಅಂದ್ರೆ ಮೇಡಂಗೆ ಯಾರೋ ಮೋಸ ಮಾಡಿದ್ದಾರೆ. ಈಗ ಹೋದೆಯೋ, ಪಂಪ್‌ಹೌಸೇ ಗತಿ."

ದೂರಪ್ಪನ ಕೈ ಅಲ್ಲೇ ನಿಂತಿತು. ಅಷ್ಟರಲ್ಲಿ ಮೀಟರ್ ಇನ್ಸ್‌ಪೆಕ್ಟರ್ ಎದ್ದು ಬಂದರು. ಊರಿನ ಪೈಪು ಸೋರಿದರೂ ಪಕ್ಕದ ಮನೆಯ ಸಂಸಾರ ಸೋರಿದರೂ ಮೂಗು ತೂರಿಸುವ ಹಿರಿಯರು.

"ಇಡೀ ಸರ್ವೀಸು ನೆಲಕ್ಕೆ ಕಿವಿಕೊಟ್ಟು ಪೈಪು ಎಲ್ಲಿ ಸೋರ್ತಿದೆ ಅಂತ ಹೇಳಿದೋನು ನಾನು. ನನಗೆ ಕೇಳೋದು ಹೇಳ್ಕೊಡ್ತೀರಾ? ಮತ್ತೆ ಹಾಡಿದ್ದಾದ್ರೆ ಡ್ರಮ್ ಮುಂದೆ ಬರುತ್ತೆ. ಇದು ಹಳೇದೇ. ನುಗ್ಗೋ ಒಳಗೆ!"

"ಹೋಗ್ಬೇಡ!"

"ಹೋಗೋ!"

"ಬಾಗಿಲು ತಟ್ಟಿ ಓಡಿಬಾ. 'ಯಾರು' ಅಂತ ಮೆತ್ತಗೆ ಕೇಳಿದ್ರೆ ಒಳಗೆ ಹೋಗು, ಜೋರಾಗಿ ಕೇಳಿದ್ರೆ ಹೋಗ್ಬೇಡ" ಎಂದು ಕ್ಯಾಷಿಯರ್ ತನ್ನದೂ ಒಂದು ಸೇರಿಸಿದ.

ದೂರಪ್ಪ ಎತ್ತಿದ ಕೈಯನ್ನು ಇಳಿಸಲೂ ಆಗದೆ ತಟ್ಟಲೂ ಆಗದೆ ಅತ್ತ ದರಿ ಇತ್ತ ಪುಲಿ ಎಂಬಂತೆ ನಿಂತಿದ್ದ. ವಾದ ಮುಗಿಯುವಷ್ಟರಲ್ಲಿ ಆಲ್ಬಂ ಕೂಡ ಮುಗಿಯಿತು. ಗಿಟಾರ್ ನಿಂತು ಪಿಯಾನೊ ಅಳತೊಡಗಿತು.

"ಕಣ್ಣೀರ ಕಾಲ. ಈಗ ಸರಿಯಾಯ್ತು. ಯಾರನ್ನಾದ್ರೂ ಸಾಯಿಸು" ಎಂದರು ಟೈಪಿಸ್ಟ್ ಅಕ್ಕ.

"ನನ್ನ ಮದುವೆ ಅಕ್ಕಾ ಇರೋದು!"

"ಪ್ರೇಮಿ ಕೈಕೊಟ್ಟ ಹಾಡು ಕೇಳ್ತಾ ಕೂತಿರೋರ ಮುಂದೆ ಮದುವೆ ಅಂತ ಹೋಗಿ ಹಲ್ಲು ಕಿರೀತೀಯಾ? ಯಾರಿದ್ದಾರೆ ನಿಂಗೆ?"

"ದೊಡ್ಡಪ್ಪ ಇದ್ದಾರೆ. ನನ್ನ ಸಾಕಿದೋರು. ಮದುವೇಲಿ ಸಾಕ್ಷಿ ಸಹಿ ಅವರದೇ."

"ಪಾಪ, ಒಳ್ಳೆ ಮನುಷ್ಯ" ಎಂದರು ಇನ್ಸ್‌ಪೆಕ್ಟರ್. "ಹೆಚ್ಚು ನೋಯಿಸೋದು ಬೇಡ. ಹೃದಯಾಘಾತ ಸಾಕು."

ಕ್ಯಾಷಿಯರ್ ಕಣ್ಣಲ್ಲಿ ನೀರು ಬರಲೆಂದು ನೆಗಡಿಯ ಮುಲಾಮನ್ನು ದೂರಪ್ಪನ ರೆಪ್ಪೆಯ ಕೆಳಗೆ ಧಾರಾಳವಾಗಿ ಹಚ್ಚಿದ. ನೀರೇನೋ ಬಂತು, ದೃಷ್ಟಿ ಹೋಯಿತು. ದೂರಪ್ಪ ಕೈಚಾಚಿಕೊಂಡು ನಡೆದು, ಮೇಡಂ ಕೋಣೆಯೆಂದು ಹಳೆ ಕಡತಗಳ ಕೋಣೆ ಹೊಕ್ಕು, ಅಲ್ಲಿನ ಕಪಾಟಿನ ಮುಂದೆ ನಿಂತು "ಮೇಡಂ, ನನ್ನ ದೊಡ್ಡಪ್ಪ..." ಎಂದು ಬಿಕ್ಕಿದ. ಅವನನ್ನು ಹೊರಗೆಳೆದು ಸರಿಯಾದ ಬಾಗಿಲಿಗೆ ತಿರುಗಿಸುವ ಹೊತ್ತಿಗೆ ಒಳಗೆ ಧಿಂತಕ ಧಿಂತಕ ಶುರುವಾಗಿತ್ತು.

"ಕುಣಿತದ ಕಾಲ ಬಂತು! ಈ ಹೆಣ ಹೊತ್ತೋನ ಮುಖ ಇಟ್ಕೊಂಡು ಹೋಗ್ತೀಯಾ? ಮೊದಲು ತೊಳ್ಕೋ!"

ತೊಳೆದುಕೊಳ್ಳಲು ಹೋದರೆ ನಲ್ಲಿಯಲ್ಲಿ ನೀರಿಲ್ಲ. ಊರಿಗೆಲ್ಲ ನೀರು ಹಂಚುವ ಕಚೇರಿ. ದೀಪದ ಬುಡದಲ್ಲೇ ಕತ್ತಲೆ. ಮೇಜಿನ ಮೇಲಿದ್ದ ಕುಡಿಯುವ ನೀರಿನ ಬಾಟಲಿಗಳನ್ನು ಒಂದೊಂದಾಗಿ ಸುರಿದುಕೊಂಡರೂ ಮುಲಾಮು ಇಳಿಯಲಿಲ್ಲ. ಆಗಲೇ ಫೋನ್ ಬಂತು. ಹಿನ್ನೆಲೆಯಲ್ಲಿ ಮಕ್ಕಳ ಊಟದ ಬಿಡುವಿನ ಗಲಾಟೆ.

"ಏನ್ರೀ, ಕೇಳಿದ್ರಾ?"

"ಇನ್ನೂ ಇಲ್ಲ... ಈಗ ಕುಣಿತ ನಡೀತಿದೆ..."

"ಆಫೀಸ್‌ನಲ್ಲಿ ಕುಣಿತಾನಾ?"

"ಅಲ್ಲ, ಒಳಗೆ. ನಾನು ಹೊರಗೆ ಅಳ್ತಿದ್ದೀನಿ..."

"ನೋಡಿ, ನಿಮ್ಮ ದೊಡ್ಡಪ್ಪ ಬೆಳಿಗ್ಗೆ ಫೋನ್ ಮಾಡಿದ್ರು. ಹೊಸ ಶರಟು ತಗೊಂಡಿದ್ದಾರಂತೆ. ಅವರ ಮುಖ ನೋಡಿಯಾದ್ರೂ ಹೋಗಿ ಕೇಳಿ."

ಈಗತಾನೆ ಅವರನ್ನು ಸಾಯಿಸಲು ಹೊರಟಿದ್ದ ದೂರಪ್ಪನಿಗೆ ಮುಲಾಮಿಲ್ಲದೆಯೇ ಕಣ್ಣು ತುಂಬಿತು. ನಾಚಿಕೆಯಿಂದ ಅವನು ಫೋನ್ ಇಟ್ಟ. ಇನ್ನೇನು ನಗು ಬರಿಸಿಕೊಂಡು ಒಳಗೆ ಹೋಗಬೇಕು, ಕುಣಿತ ನಿಂತಿತು. ಗುಡುಗಿನಂಥ ಒಂದು ಸದ್ದು ಬಾಗಿಲನ್ನು ಅಲುಗಿಸಿತು.

ಕಪ್ಪು ಕಾಲ. ಕಚೇರಿ ಗಪ್‌ಚುಪ್. ಟೈಪಿಸ್ಟ್ ಅಕ್ಕ ಅಕ್ಷರಗಳನ್ನು ಸವರಿದಂತೆ ಒತ್ತತೊಡಗಿದರು. ಕ್ಯಾಷಿಯರ್ ಸೀನನ್ನು ಮೂಗಿನಲ್ಲೇ ಹಿಡಿದುಕೊಂಡ. ದೂರಪ್ಪನ ಫೋನು ಮತ್ತೆ ಹೊಡೆದುಕೊಂಡಿತು. ಯಾರೋ ಹೆಂಗಸು, ನಲ್ಲಿಯಲ್ಲಿ ಹನಿ ನೀರಿಲ್ಲವೆಂದು ದೂರು.

"ಅಮ್ಮಾ, ಈಗ ಕಪ್ಪು ಕಾಲ ನಡೀತಿದೆ. ಮುಗಿದ ಮೇಲೆ ಫೋನ್ ಮಾಡಿ" ಎಂದು ಅವನು ಪಿಸುಗುಟ್ಟಿದ.

"ನೀರು ಬಿಡೋಕೆ ಯೋಗ್ಯತೆ ಇಲ್ಲ, ಕಾಲದ ಮೇಲೆ ಗೂಬೆ ಕೂರಿಸ್ತೀರಾ?" ಎಂದು ಆಕೆ ಕಿರುಚಿದ್ದು ಇಡೀ ಕಚೇರಿಗೆ ಕೇಳಿತು. ಎಲ್ಲರೂ ಉಸಿರು ಬಿಗಿಹಿಡಿದು ಮೇಡಂ ಬಾಗಿಲನ್ನೇ ನೋಡಿದರು. ಬಾಗಿಲು ತೆರೆಯಲಿಲ್ಲ. ಬೀಸೋ ದೊಣ್ಣೆ ತಪ್ಪಿತು.

"ಒಂದು ಮಾತು" ಎಂದರು ಟೈಪಿಸ್ಟ್ ಅಕ್ಕ ಮೆಲ್ಲಗೆ. "ಒಂದೇ ದಿನದಲ್ಲಿ ಎಲ್ಲಾ ಕಾಲನೂ ಬಂದಿದ್ದು ನಾನು ಇದುವರೆಗೆ ನೋಡಿಲ್ಲ. ಮೇಡಂ ಮನಸ್ಸು ಇವತ್ತು ನೆಟ್ಟಗಿಲ್ಲ."

ಕಪ್ಪು ಕಾಲದ ಕೊನೆಯ ಹಾಡು ಮುಗಿದದ್ದೇ ಇನ್ನೂ ವಿಚಿತ್ರವಾದದ್ದು ಸಂಭವಿಸಿತು. ಒಳಗೆ ಸದ್ದೇ ಇಲ್ಲ. ಮೌನದಲ್ಲಿ ಮೇಡಂ ಹತ್ತಿರ ಏನು ಕೇಳಬಹುದು, ಏನು ಕೇಳಬಾರದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕೊಳಲಿನಂಥದ್ದೇನೋ ಶುರುವಾಯಿತು. ಅದರ ಹಿಂದೆ ಚಪ್ಪಾಳೆ, ಅದರ ಹಿಂದೆ ಚಿಟ್ಟೆಯ ದನಿ, ನಗುತ್ತಿದೆಯೋ ನರಳುತ್ತಿದೆಯೋ ತಿಳಿಯದ ಹಾಗೆ.

"ಇದು ಯಾವ ಕಾಲ?" ಎಂದರು ಇನ್ಸ್‌ಪೆಕ್ಟರ್.

ಟೈಪಿಸ್ಟ್ ಅಕ್ಕ ಬಿಳಿಚಿಕೊಂಡರು. "ಗೊತ್ತಿಲ್ಲ. ಹೊಸ ಆಲ್ಬಂ ಇವತ್ತು ಬರುತ್ತೆ ಅಂತ ಮಗಳು ಹೇಳಿದ್ಲು. ಇದು ಹೊಸ ಕಾಲ."

ದೂರಪ್ಪ ಗಡಿಯಾರ ನೋಡಿದ. ಇನ್ನು ಸ್ವಲ್ಪ ಹೊತ್ತಿಗೆ ಸ್ಕೂಲು ಬಿಡುತ್ತದೆ. ಅವಳು ಗೇಟಿನ ಹತ್ತಿರ ಫೋನು ಕೈಯಲ್ಲಿ ಹಿಡಿದು ನಿಂತಿರುತ್ತಾಳೆ. ಮೇಡಂ ಮೇಲಿನ ಭಯಕ್ಕಿಂತ ಅವಳನ್ನು ಕಳೆದುಕೊಳ್ಳುವ ಭಯ ಮೊದಲ ಸಲ ದೊಡ್ಡದಾಯಿತು. "ಬೇಡ ಕಣೋ!" ಎಂದು ಮೂವರೂ ಎಳೆಯುತ್ತಿದ್ದಂತೆ ಅವನು ಕೊಸರಿಕೊಂಡು, ತಟ್ಟದೆಯೇ ಬಾಗಿಲು ನೂಕಿ, ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ: "ಮೇಡಂ, ನಾಡಿದ್ದು ನನ್ನ ಮದುವೆ, ನಾಲ್ಕು ದಿನ ರಜ ಬೇಕು!"

"ಅಯ್ಯೋ, ಹೌದಾ? ಒಳ್ಳೇದಾಗ್ಲಿ ಕಣಪ್ಪಾ" ಎಂದಿತು ಒಂದು ದನಿ.

ಕಣ್ಣು ಬಿಟ್ಟ. ಕಸ ಗುಡಿಸುವ ಆಯಮ್ಮ ಪೊರಕೆ ಹಿಡಿದು ನಿಂತಿದ್ದಳು. ಮೇಡಂ ಕುರ್ಚಿ ಖಾಲಿ. ಮೇಜಿನ ಮೇಲಿನ ಕಂಪ್ಯೂಟರ್ ತನ್ನ ಪಾಡಿಗೆ ಹಾಡುತ್ತಿತ್ತು.

"ಮೇಡಂ ಎಲ್ಲಿ?"

"ಅವರು ಹಿಂದಿನ ಬಾಗಿಲಿಂದ ಬೆಳಿಗ್ಗೇನೇ ಹೋದ್ರಲ್ಲ! ಆ ಹುಡುಗೀದು ಹೊಸ ಹಾಡು ಬರುತ್ತಂತೆ, ಎಲ್ಲೋ ದೂರದಲ್ಲಿ ದೊಡ್ಡ ಕಾರ್ಯಕ್ರಮ ಅಂತೆ. ಹಳೇದು ಮೊದಲಿಂದ ಕೊನೇವರೆಗೆ ಹಾಕಿಟ್ಟು, ಹೊಸದು ಬಂದ ತಕ್ಷಣ ಅದೂ ತಾನೇ ಹಾಡೋ ಹಾಗೆ ಮಾಡಿ ಹೋದ್ರು. ಆಫ್ ಮಾಡ್ಲಾ ಅಂದ್ರೆ, 'ಬೇಡಮ್ಮ, ಹಾಡು ಕೇಳ್ತಿದ್ರೆ ನಾನಿದ್ದೀನಿ ಅಂತ ಎಲ್ಲ ತೆಪ್ಪಗಿರ್ತಾರೆ' ಅಂದ್ರು."

"ಬೆಳಿಗ್ಗೆ ಅಂದ್ರೆ ಯಾವಾಗ?"

"ಆ ಗಿಟಾರ್ ಹಾಡು ಮುಗಿಯೋ ತನಕ ಇದ್ರು. ಎಷ್ಟು ಖುಷಿಯಾಗಿದ್ರು ಅಂತೀಯ! ಬಾಗಿಲಾಚೆ ಯಾರೋ ಕಚ್ಚಾಡ್ತಿದ್ರು. 'ಒಳಗೆ ಬಂದ್ರೆ ಏನು ಕೇಳಿದ್ರೂ ಕೊಟ್ಟು ಹೋಗ್ತಿದ್ದೆ, ಬರೋದೇ ಇಲ್ಲ ನೋಡು' ಅಂತ ನಗ್ತಾ ಇದ್ರು."

ದೂರಪ್ಪ ಮೇಜು ಹಿಡಿದುಕೊಂಡ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ವಾಪಸ್ ಯಾವಾಗ?"

"ನಾಲ್ಕು ದಿನ ಬಿಟ್ಟು. ಫೋನೂ ತೆಗೆಯಲ್ವಂತೆ. ಅಲ್ಲೀತನಕ ಆಫೀಸ್ ನೀನೇ ನೋಡ್ಕೊಳ್ಬೇಕಂತೆ. ಸಂಜೆ ಕೊಡು ಅಂದಿದ್ರು, ತಗೋ." ಆಯಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ಗೊಂಚಲು ಬಿಚ್ಚಿ ಅವನ ಕೈಯಲ್ಲಿಟ್ಟಳು. "'ಸೇರಿದಾಗಿಂದ ಒಂದು ದಿನ ರಜ ಕೇಳಿಲ್ಲ ಆ ಮನುಷ್ಯ. ಎಲ್ಲೂ ಹೋಗೋನಲ್ಲ, ಅವನೇ ಸರಿ' ಅಂದ್ರು."

ಬಾಗಿಲಲ್ಲಿ ಮೂರು ತಲೆಗಳು ಒಂದರ ಮೇಲೊಂದು ಇಣುಕುತ್ತಿದ್ದವು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು. ಮೊದಲು ಇನ್ಸ್‌ಪೆಕ್ಟರ್ ಒಳಗೆ ಬಂದು, ಆ ಕಚೇರಿಯಲ್ಲಿ ದೂರಪ್ಪ ಎಂದೂ ಕೇಳಿರದ ಒಂದು ಪದ ಹೇಳಿದರು.

"ಸರ್."

"ನನಗಾ?"

"ನಿಮಗೇ ಸರ್. ನಾಡಿದ್ದು ತಮ್ಮ ಮದುವೆ. ಬರ್ದೇ ಇದ್ರೆ ಚೆನ್ನಾಗಿರಲ್ಲ. ನಾಲ್ಕು ದಿನ ರಜ ಬೇಕಿತ್ತು."

"ನನಗೂ ಸರ್" ಎಂದರು ಟೈಪಿಸ್ಟ್ ಅಕ್ಕ. "ಮಗಳಿಗೆ ಬಟ್ಟೆ ಹೊಲಿಸಿ ಆಗಿದೆ. ನೀವು ಇಲ್ಲ ಅಂದ್ರೆ ಅವಳು ಅಳ್ತಾಳೆ."

"ನನಗೂ" ಎಂದ ಕ್ಯಾಷಿಯರ್.

"ಎಲ್ಲರೂ ಹೋದ್ರೆ ಆಫೀಸ್‌ನಲ್ಲಿ ಯಾರಿರ್ತಾರೆ?"

"ನೀವಿದ್ದೀರಲ್ಲ ಸರ್!" ಎಂದರು ಮೂವರೂ.

ಕೇಳಲು ಬಾಯಿಲ್ಲದವನಿಗೆ ಇಲ್ಲವೆನ್ನಲು ಎಲ್ಲಿಂದ ಬರಬೇಕು? ದೂರಪ್ಪ ತಲೆಯಾಡಿಸಿದ. ಮೂವರೂ ಅವನ ಮನಸ್ಸು ಬದಲಾಗುವ ಮೊದಲೇ ಚೀಲ ಎತ್ತಿಕೊಂಡು ಹೊರಟರು. ಆಯಮ್ಮ ಕೂಡ ಮದುವೆ ಎಲ್ಲಿ ಎಂದು ವಿಚಾರಿಸಿಕೊಂಡು ಹೋದಳು. ಅವನು ಹೊಸ ಕಾಲದ ಹಾಡು ಕೇಳುತ್ತ ಒಬ್ಬನೇ ನಿಂತಿದ್ದಾಗ ಫೋನ್ ಬಂತು.

"ರೀ, ಸ್ಕೂಲ್ ಬಿಡ್ತು. ರಜ ಸಿಕ್ತಾ?"

"ಸಿಕ್ತು" ಎಂದ ದೂರಪ್ಪ.

"ನಿಜವಾಗ್ಲೂ?" ಅವಳ ದನಿ ಅಷ್ಟು ಮೆತ್ತಗಾದದ್ದನ್ನು ಅವನು ಕೇಳಿರಲೇ ಇಲ್ಲ. "ನನಗೆ ಗೊತ್ತಿತ್ತು ಕಣ್ರೀ, ನೀವು ಕೇಳೇ ಕೇಳ್ತೀರಿ ಅಂತ. ಎಷ್ಟು ದಿನ?"

"ನಾಲ್ಕು. ಇನ್ಸ್‌ಪೆಕ್ಟರಿಗೆ ಸಿಕ್ತು, ಟೈಪಿಸ್ಟ್ ಅಕ್ಕಂಗೆ ಸಿಕ್ತು, ಕ್ಯಾಷಿಯರಿಗೂ ಸಿಕ್ತು. ಎಲ್ಲರೂ ನಮ್ಮ ಮದುವೆಗೆ ಬರ್ತಿದ್ದಾರೆ."

"ನೀವು?"

ದೂರಪ್ಪ 'ನೀನೇ ನೋಡ್ಕೊಳ್ಬೇಕಂತೆ' ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಟೀಚರ್ ದನಿ ಶಾಂತವಾಗಿ ಕೇಳಿಬಂತು.

"ಆ ಬರ್ತಿರೋರಲ್ಲಿ ಮದುವೆ ಆಗ್ದೇ ಇರೋರು ಯಾರಾದ್ರೂ ಇದ್ದಾರಾ?"