ಡ್ಯೂಕನ ಉಗುರಿಗೊಂದು ಮುಹೂರ್ತ

ಭಾನುವಾರ ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಗ್ರಹಚಾರ ಕೆಟ್ಟಿತು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ನಮ್ಮ ನಡುಮನೆಯ ಗಡಿಯಾರವೂ ಅದೇ ಕ್ಷಣಕ್ಕೆ ನಿಂತುಹೋಯಿತು; ಇವತ್ತಿಗೂ ಎಂಟೂ ಇಪ್ಪತ್ತನ್ನೇ ತೋರಿಸುತ್ತಿದೆ. ರಿಪೇರಿ ಮಾಡಿಸಬಹುದಿತ್ತು. ಆದರೆ ತಲೆಯೆತ್ತಿ ಅದರ ಮುಖ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಹುಲಿಯ ಬಾಯಿಂದ ತಪ್ಪಿಸಿಕೊಂಡು ಬಂದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಘನತೆ ಇದೆ. ಸಾಕಿದ ನಾಯಿಯ ಉಗುರು ತೆಗೆಯಲು ಹೋಗಿ ಜೀವ ಉಳಿಸಿಕೊಂಡೆ ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಾಯಿಗೇನಾಯಿತು ಎಂದು ವಿಚಾರಿಸುತ್ತಾರೆ. ನಿನಗೇನಾಯಿತಯ್ಯ ಎಂದು ಈವರೆಗೆ ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಅದಕ್ಕೇ ನಾನಾಗಿ ಬರೆಯುತ್ತಿದ್ದೇನೆ.

ನಾನು ಊರಿಗಾಮಿನ ಚಿನ್ನದ ಗಣಿ ಕಚೇರಿಯಲ್ಲಿ ಗುಮಾಸ್ತ. ಗಣಿ ಸರ್ಕಾರದ ಕೈಗೆ ಬಂದ ಹೊಸತರಲ್ಲಿ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಹಡಗು ಹತ್ತುತ್ತಿದ್ದರು. ನೂರಾರು ಮೈಲಿ ಸುರಂಗ ಕೊರೆದು ಚಿನ್ನ ತೆಗೆದುಕೊಂಡು ಹೋದವರು, ಒಯ್ಯಲಾಗದ್ದನ್ನೆಲ್ಲ ನಮಗೆ ಉದಾರವಾಗಿ ಹಂಚಿದರು. ಹೆಡ್ ಗುಮಾಸ್ತರಿಗೆ ಒಂದು ಒರಗು ಕುರ್ಚಿ ಸಿಕ್ಕಿತು; ಅದರಲ್ಲಿ ಕೂತ ಮೇಲೆ ಅವರು ಕನ್ನಡ ಮಾತಾಡುವುದನ್ನೇ ಕಡಿಮೆ ಮಾಡಿದರು. ಕ್ಯಾಷಿಯರಿಗೆ ಕಿವಿ ಮುರಿದ ಪಿಂಗಾಣಿ ಬಟ್ಟಲುಗಳು. ನಾನು ಬಿ.ಎಸ್ಸಿ. ಓದಿದವನು, ಅದರಲ್ಲೂ ಪ್ರಾಣಿಶಾಸ್ತ್ರ ಎಂಬ ಕಾರಣಕ್ಕೆ ನನಗೆ ನಾಯಿ. ಹೆಸರು ಡ್ಯೂಕ್. ಕಂದು ಬಣ್ಣ, ಜೋತುಬಿದ್ದ ಕಿವಿ, ನಮ್ಮನ್ನೆಲ್ಲ ಕೆಲಸಕ್ಕೆ ಇಟ್ಟುಕೊಂಡವನಂತೆ ನೋಡುವ ಕಣ್ಣು. ಅದನ್ನು ಹಗ್ಗ ಹಿಡಿದು ಬೀದಿಯಲ್ಲಿ ಕರೆತಂದ ದಿನ ನಾನು ನೆಲದ ಮೇಲೆ ನಡೆಯಲಿಲ್ಲವೆಂದು ನನ್ನ ಹೆಂಡತಿ ರತ್ನ ಇಂದಿಗೂ ಹೇಳುತ್ತಾಳೆ. ಆಮೇಲೆ ಅದನ್ನೂ ನಡೆಯಗೊಡಲಿಲ್ಲ. ದೊರೆಯ ನಾಯಿ ಬೀದಿ ನಾಯಿಗಳ ಜೊತೆ ಮಣ್ಣು ತುಳಿಯುವುದೇ? ಮನೆಯೊಳಗೇ ಇಟ್ಟೆ.

ದೊರೆಯ ಬಂಗಲೆಯಲ್ಲಿ ಜಮಖಾನೆ ಇತ್ತು. ನಮ್ಮ ಕ್ವಾರ್ಟರ್ಸಿನಲ್ಲಿ ಇದ್ದದ್ದು ಕೆಂಪು ಗಾರೆ ನೆಲ. ತಿಂಗಳು ಕಳೆಯುವುದರಲ್ಲಿ ಡ್ಯೂಕನ ಉಗುರು ಬೆಳೆದು ಕೊಕ್ಕೆಯಾದವು. ಹಗಲೆಲ್ಲ ಮಲಗಿ, ದೀಪ ಆರಿಸಿದೊಡನೆ ಎದ್ದು ಮನೆ ಸುತ್ತುವುದು ಅದರ ಪದ್ಧತಿ. ಟಕ್ ಟಕ್ ಟಕ್, ನಡುಮನೆಯಿಂದ ಅಡುಗೆಮನೆಗೆ. ಟಕ್ ಟಕ್, ಅಡುಗೆಮನೆಯಿಂದ ನನ್ನ ತಲೆದಿಂಬಿನವರೆಗೆ. ದಿನವಿಡೀ ಕಚೇರಿಯಲ್ಲಿ ಟೈಪ್‌ರೈಟರ್ ಕುಟ್ಟುವ ನನಗೆ, ಸಾಹೇಬರು ರಾತ್ರಿ ಮನೆಗೇ ಕೆಲಸ ಕಳಿಸಿದ್ದಾರೆಂದು ಅನ್ನಿಸುತ್ತಿತ್ತು. ನಮ್ಮಮ್ಮನ ವಿವರಣೆ ಬೇರೆ: "ಯಾವನೋ ಸತ್ ದೊರೆ ಬೂಟ್ಸು ಆಕ್ಕಂಡು ತಿರಗ್ತವ್ನೆ ಕಣ್ಲಾ. ನಾಯಿ ಜೊತೆಗೇ ಬಂದವ್ನೆ." ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕೊನೆಗೆ ರತ್ನ ಕಾಫಿ ಲೋಟ ನೆಲಕ್ಕೆ ಕುಕ್ಕಿ ತೀರ್ಪು ಕೊಟ್ಟಳು: "ನೋಡ್ರೀ, ಉಗುರು ಓಗ್ಬೇಕು, ಇಲ್ಲ ನಾಯಿ ಓಗ್ಬೇಕು. ಬರೋ ಸೋಮವಾರಕ್ಕೆ ಎರಡರಾಗೊಂದು."

ನಾಯಿಯನ್ನು ಬಿಟ್ಟುಕೊಡುವುದು ನನ್ನಿಂದಾಗದ ಮಾತು. ಇದರಲ್ಲಿ ದೊರೆಯ ಗೌರವದ ಪ್ರಶ್ನೆ ಅರ್ಧ. ಉಳಿದರ್ಧವನ್ನು ಹೇಳಲು ಸ್ವಲ್ಪ ಸಂಕೋಚ. ನಾನು ಕಚೇರಿಯಿಂದ ಬಂದಾಗ ನಮ್ಮ ಮನೆಯಲ್ಲಿ ಎದ್ದು ನಿಲ್ಲುತ್ತಿದ್ದ ಜೀವ ಅದೊಂದೇ.

ಉಗುರು ತೆಗೆಯುವುದೇನೋ ಸರಿ, ಯಾವತ್ತು? ಮಂಗಳವಾರ, ಶುಕ್ರವಾರ ಉಗುರು ತೆಗೆಯುವಂತಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ. ಶನಿವಾರ ಶನಿ ಒಳಗೆ ಬರುತ್ತಾನೆ. ಮನೆಯೊಳಗೆ ಉಗುರು ಬಿದ್ದರೆ ಜಗಳ, ದೀಪ ಹಚ್ಚಿದ ಮೇಲೆ ತೆಗೆದರೆ ದರಿದ್ರ. "ಅಮ್ಮ, ಇದೆಲ್ಲ ಮನುಷ್ಯರಿಗಲ್ಲವೇ?" ಎಂದೆ. "ಮನೇಲಿರೋ ಜೀವ ಅಂದ್ಮೇಲೆ ಎಲ್ಲಾ ಒಂದೇ ಕಣ್ಲಾ. ನಿನ್ನ ಜನ್ಮನಕ್ಷತ್ರದ ದಿನಾನೂ ಬೇಡ." "ನನ್ನದು ಯಾಕೆ?" "ಅದರದ್ದು ಯಾವನಿಗೆ ಗೊತ್ತು? ಯಜಮಾನನ ನಕ್ಷತ್ರವೇ ಅದಕ್ಕೂ." ಹಾಗೆ ನಾನೂ ಡ್ಯೂಕನೂ ಒಂದೇ ರಾಶಿಯವರಾದೆವು. ಇತ್ತ ಪಂಚಾಂಗ, ಅತ್ತ ಗಣಿ. ವಾರದ ದಿನಗಳಲ್ಲಿ ಸೈರನ್ ಕೂಗಿ ಶಿಫ್ಟು ಮುಗಿಯುವಾಗ ಕೆಳಗೆ ಮದ್ದು ಹಾರಿಸುತ್ತಾರೆ. ಮನೆಯ ಪಾತ್ರೆಗಳು ಗಲಗಲ ಎನ್ನುತ್ತವೆ. ಕತ್ತರಿ ಹಿಡಿದ ಕೈ ಅಲುಗಬಾರದಲ್ಲ! ಅಮ್ಮನ ನಿಷೇಧಗಳನ್ನೂ ಗಣಿಯ ಮದ್ದನ್ನೂ ಕಳೆದಾಗ ಉಳಿದದ್ದು ಭಾನುವಾರದ ಬೆಳಗು. ಅಂದು ಮದ್ದಿಲ್ಲ, ಅಮಾವಾಸ್ಯೆಗೆ ಇನ್ನೂ ಒಂದು ದಿನ ಇದೆ. ನನ್ನ ಮದುವೆಗೂ ಇಷ್ಟು ಯೋಚಿಸಿ ಯಾರೂ ಮುಹೂರ್ತ ಇಟ್ಟಿರಲಿಲ್ಲ.

ಆಯುಧದ ಪ್ರಶ್ನೆ ಬಂತು. ಉಗುರು ತೆಗೆಯುವ ಕತ್ತರಿ ಕೇಳಿದರೆ ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು, "ನಾಯಿಗಾ ಸಾರ್? ಕ್ಷೌರಾನೂ ಇದೆಯಾ?" ಎಂದು ಎಲ್ಲ ಗಿರಾಕಿಗಳಿಗೂ ಕೇಳುವಂತೆ ವಿಚಾರಿಸಿದ. ಬರಿಗೈಯಲ್ಲಿ ಬಂದು, ಅಮ್ಮನ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದುಕೊಂಡೆ. "ಹೊಸದು ತಂದುಕೊಡ್ತೀನಿ" ಎಂದರೂ ಅಮ್ಮ ಗೊಣಗಿದಳು: "ಅಡಕೆ ಅಗೀತಿದ್ ಬಾಯಲ್ಲಿ ನಾಯಿ ಉಗುರು ಅಗಿಯೋ ಅಂಗಾಯ್ತು ನನ್ನ ಬಾಳು."

ಭಾನುವಾರ ಜಗಲಿಯ ಮೇಲೆ ಡ್ಯೂಕನ ಗೋಣಿತಾಟು ಹಾಸಿ ಮಲಗಿಸಿದೆ. ರತ್ನ ತಲೆ ಹಿಡಿದಳು. ಅಮ್ಮ ಬೆಲ್ಲದ ಚೂರು ತೋರಿಸುತ್ತ ಎದುರು ಕೂತಳು. ನಾಯಿ ಓಡಬಾರದೆಂದು ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದುಕೊಂಡೆ. ವಿದ್ಯಾವಂತನ ಬುದ್ಧಿ! ಉಗುರಿನೊಳಗೆ ರಕ್ತನಾಳ ಇರುತ್ತದೆ, ಅದರ ಆಚೆಗಷ್ಟೇ ಕತ್ತರಿಸಬೇಕು ಎಂದು ಇಬ್ಬರಿಗೂ ಉಪನ್ಯಾಸ ಕೊಟ್ಟೆ. ಬಿಳಿ ಉಗುರಿನಲ್ಲಿ ಅದು ಕಾಣುತ್ತದಂತೆ. ಡ್ಯೂಕನದು ಇದ್ದಿಲಿನಷ್ಟು ಕಪ್ಪು. ಇರಲಿ, ಕಾಲೇಜಿನಲ್ಲಿ ನಾನು ಕಪ್ಪೆ ಕೊಯ್ದವನು, ಜಿರಳೆ ಕೊಯ್ದವನು. ಅವು ಮೊದಲೇ ಸತ್ತಿದ್ದವು ಎಂಬುದು ಆ ಕ್ಷಣದಲ್ಲಿ ನೆನಪಾಗಲಿಲ್ಲ.

ಮೊದಲ ಉಗುರು ಚಟ್ ಎಂದು ಹಾರಿತು. ಡ್ಯೂಕ್ ಬೆಲ್ಲ ನೆಕ್ಕಿತು. "ಪರ್ವಾಗಿಲ್ವೇ!" ಎಂದಳು ರತ್ನ. ಅವಳ ಬಾಯಿಂದ ಆ ಮಾತು ಕೇಳಿ ವರ್ಷಗಳಾಗಿದ್ದವು. ಉಬ್ಬಿದ ಎದೆಯಿಂದ ಎರಡನೆಯ ಉಗುರಿಗೆ ಅಡಕತ್ತರಿ ಇಟ್ಟೆ. ಆಗ ಭೂಮಿ ಅಲುಗಿತು.

ಮದ್ದಿಗೆ ಹೊತ್ತುಗೊತ್ತು ಉಂಟು, ಬರ್ಸ್ಟಿಗೆ ಇಲ್ಲ. ಕೆಳಗೆಲ್ಲೋ ಅದುಮಿಟ್ಟ ಬಂಡೆ ತಾನಾಗಿ ಸಿಡಿಯುತ್ತದೆ. ಅದಕ್ಕೆ ಭಾನುವಾರವೂ ಗೊತ್ತಿಲ್ಲ, ಅಮ್ಮನ ಪಂಚಾಂಗವೂ ಗೊತ್ತಿಲ್ಲ. ಜಗಲಿ ಒಮ್ಮೆ ಎದ್ದು ಕೂತಿತು, ಒಳಗೆ ಗಡಿಯಾರ ನಿಂತಿತು, ನನ್ನ ಕೈಯಲ್ಲಿ ಅಡಕತ್ತರಿ ಪೂರ್ತಿ ಮುಚ್ಚಿಕೊಂಡಿತು. ರಕ್ತ! ಡ್ಯೂಕ್ ಕೂಗಿತು. ನಾನು ಅದಕ್ಕಿಂತ ಜೋರಾಗಿ ಕೂಗಿದೆ. ಮರುಕ್ಷಣ ನಾಯಿ ಮುಂದೆ, ಹಗ್ಗ ನಡುವೆ, ನಾನು ಹಿಂದೆ. ಮೆಟ್ಟಿಲುಗಳನ್ನು ಒಂದೊಂದಾಗಿ ಬೆನ್ನಿನಿಂದ ಎಣಿಸುತ್ತ ಇಳಿದೆ. ತುಳಸಿ ಕುಂಡ ಎದುರು ಬಂತು, ನನ್ನ ತಲೆಗೂ ಅದಕ್ಕೂ ಅಡಿಕೆ ಹೋಳಿನಷ್ಟು ಅಂತರ. ಈಗಲೂ ಕಣ್ಣು ಮುಚ್ಚಿದರೆ ಆ ಕುಂಡ ನನ್ನ ಕಡೆಗೆ ಬರುತ್ತದೆ. ಗೇಟಿನ ಬಳಿ ಹಗ್ಗ ಹರಿಯಿತು. ಡ್ಯೂಕ್ ರೈಲು ಹಳಿಯ ದಿಕ್ಕಿಗೆ ಮಾಯವಾಯಿತು.

ಬರ್ಸ್ಟಾದರೆ ನಮ್ಮ ಕಡೆ ಜನ ಮೊದಲು ತಿರುಗಿ ನೋಡುವುದು ಗಣಿಯ ಕಡೆಗೆ, ಕೆಳಗೆ ಯಾರಿದ್ದಾರೋ ಎಂದು. ಅಂದು ಎಲ್ಲರೂ ನಮ್ಮ ಮನೆಗೆ ಓಡಿಬಂದರು. ಕೂಗು ಅಷ್ಟು ಜೋರಾಗಿತ್ತು. ಎಲ್ಲರಿಗಿಂತ ಮೊದಲು ಬಂದವನು ಪಕ್ಕದ ಕೂಲಿ ಲೈನಿನ ಪೆರುಮಾಳ್. ರಾತ್ರಿ ಶಿಫ್ಟು ಮುಗಿಸಿ ಮಲಗಿದ್ದವನು. "ಅಯ್ಯೋ ಸಾರ್, ಸೂರು ಬಿತ್ತಾ?" ವಿಷಯ ತಿಳಿದು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. "ಎನ್ನ ಸಾರ್ ಇದು! ಬಂಡೆ ಕೆಳಗೆ ನಿಂತ್ಕೊಂಡು ನಾವೂ ಒಂದಿವಸ ಇಂಗೆ ಕೂಗ್ಲಿಲ್ಲಪ್ಪಾ!" ಕೆಳಗೆ ಯಾರಿಗೂ ಏನೂ ಆಗಿಲ್ಲವೆಂಬ ಸುದ್ದಿ ಸ್ವಲ್ಪ ಹೊತ್ತಿಗೆ ಬಂತು. ಆ ಬರ್ಸ್ಟಿನಲ್ಲಿ ಗಾಯಗೊಂಡವನು ನಾನೊಬ್ಬನೇ, ಅದೂ ನೆಲದ ಮೇಲೆ.

"ಅಮಾಸೆ ಅತ್ರ ಬೇಡ ಅಂತ ನಂಗೆ ಅನಿಸ್ತಿತ್ತು" ಎಂದಳು ಅಮ್ಮ, ಅಡಕತ್ತರಿ ತೊಳೆಯುತ್ತ. ರತ್ನ ಮಾತ್ರ ಗೇಟಿನವರೆಗೆ ಬಿದ್ದಿದ್ದ ರಕ್ತದ ಹನಿಗಳನ್ನು ನೋಡುತ್ತ ನಿಂತಿದ್ದಳು. ತಿರುಗಿದಾಗ ಕಣ್ಣು ತುಂಬಿತ್ತು. "ಮೂಕ್ ಜೀವ ಕುಂಟ್ಕಂಡು ಎಲ್ಲೋಯ್ತೋ. ನೀವ್ ಅದಿಲ್ದೆ ಮನೇಗೆ ಬರ್ಬೇಡಿ." ತೀರ್ಪು ಕೊಟ್ಟ ನ್ಯಾಯಾಧೀಶರೇ ಆರೋಪಿಯ ಪರ ವಕಾಲತ್ತು ಹಿಡಿದಿದ್ದರು.

ನಂದಿದುರ್ಗದ ಗಣಿಯ ಲೈನುಗಳಲ್ಲಿ ಹುಡುಕಿದೆ, ಪೇಟೆಯಲ್ಲಿ ಹುಡುಕಿದೆ. "ದೊರೆ ಅತ್ರ ಓಗಿರ್ತದೆ ಬಿಡಿ ಸ್ವಾಮಿ, ಲಂಡನ್‌ಗೆ" ಎಂದರು. ಹೆಡ್ ಗುಮಾಸ್ತರು ಒರಗು ಕುರ್ಚಿಯಿಂದಲೇ ಇಂಗ್ಲಿಷಿನಲ್ಲಿ ಸಂತಾಪ ಸೂಚಿಸಿದರು. ರಾತ್ರಿ ಮನೆಯಲ್ಲಿ ಸದ್ದೇ ಇಲ್ಲ, ಆದರೆ ನಿದ್ದೆಯೂ ಇಲ್ಲ. ಟಕ್ ಟಕ್ ಕೇಳೀತೇ ಎಂದು ಮೂವರೂ ಕಿವಿಗೊಟ್ಟು ಮಲಗುತ್ತಿದ್ದೆವು. "ಆ ದೊರೇನೂ ಓದ್ನೇನೋ" ಎಂದು ಅಮ್ಮ ನಿಟ್ಟುಸಿರುಬಿಟ್ಟಳು.

ಮೂರು ರಾತ್ರಿ ಹೀಗೆ ಕಳೆದ ಮೇಲೆ ರತ್ನಳಿಗೇ ಹೊಳೆಯಿತು. ಹಿಂದೊಮ್ಮೆ ಬಂಗಾರಪೇಟೆ ಪಕ್ಕದ ಅವಳ ತವರಿಗೆ ಡ್ಯೂಕನನ್ನು ರೈಲಿನಲ್ಲಿ ಕರೆದೊಯ್ದಿದ್ದೆವು. "ನಮ್ಮಮ್ಮನ ರಾಗಿ ಮುದ್ದೆ ತಿಂದದೆ ಅದು. ಒಂದ್ಕಿತ ಓಗ್ ನೋಡ್ರಿ." ಬುಧವಾರ ರಜೆ ಹಾಕಿ ಹೊರಟೆ. ದಾರಿಯುದ್ದಕ್ಕೂ ಕಿಟಕಿಯಿಂದ ಹಳಿಯ ಪಕ್ಕದ ಜಲ್ಲಿಕಲ್ಲನ್ನೇ ನೋಡುತ್ತಿದ್ದೆ.

ಅತ್ತೆಯ ಮನೆಯ ದನದ ಕೊಟ್ಟಿಗೆಯಲ್ಲಿ, ಹುಲ್ಲಿನ ಮೇಲೆ ದೊರೆಯ ನಾಯಿ ಕರುವೊಂದಕ್ಕೆ ಒರಗಿ ಮಲಗಿತ್ತು. ನನ್ನ ಬಾಮೈದ ಮುನಿಶಾಮಿ ಹಾಲು ಕರೆಯುತ್ತಿದ್ದವನು ತಲೆಯೆತ್ತಿದ. "ಬನ್ನಿ ಬಾವ. ನಿಮಗೆ ರೈಲು, ಪಾಪ ಅದಕ್ಕೆ ನಟರಾಜಾ ಸರ್ವೀಸಾ? ಕಲ್ ಮೇಲೆ ಕುಂಟ್ಕಂಡು ಬಂದದೆ. ನಾಳೆ ಯಾರನ್ನಾದ್ರೂ ಕಳ್ಸಿ ಏಳ್ಸೋಣ ಅಂತಿದ್ದೆ." ಓಡಿಹೋಗಿ ಕಾಲು ಹಿಡಿದು ನೋಡಿದೆ. ಮೈಲಿಗಟ್ಟಲೆ ಜಲ್ಲಿ ತುಳಿದು ಉಗುರುಗಳೆಲ್ಲ ಸವೆದು, ಅಕ್ಕಸಾಲಿಗ ಅರ ಹಾಕಿದಷ್ಟು ನುಣುಪಾಗಿದ್ದವು. ಸೊಟ್ಟಗಿದ್ದವು ಎರಡೇ, ನಾನು ಕತ್ತರಿಸಿದವು. ನನ್ನಿಂದ ಆಗದ ಕೆಲಸವನ್ನು ನನ್ನಿಂದ ದೂರ ಓಡಿಯೇ ಅದು ಪೂರೈಸಿಕೊಂಡಿತ್ತು. ನನ್ನ ಕೈ ನೋಡಿದೊಡನೆ ಎದ್ದು ಅತ್ತೆಯ ಸೆರಗಿನ ಹಿಂದೆ ಅವಿತಿತು. ಎಷ್ಟು ಕರೆದರೂ ಬರಲಿಲ್ಲ. "ನೀವ್ ಮುಂದೆ ನಡೀರಿ ಬಾವ, ನೀವಿದ್ರೆ ಅದು ರೈಲತ್ತಕಿಲ್ಲ" ಎಂದ ಮುನಿಶಾಮಿ.

ಗುರುವಾರ ಸಂಜೆ ಅವನೇ ತಂದುಬಿಟ್ಟ. ರತ್ನ ನಾಯಿಯ ಕೊರಳು ತಬ್ಬಿದಳು. ಅಮ್ಮ ದೃಷ್ಟಿ ತೆಗೆದಳು. ದೀಪ ಆರಿತು. ಡ್ಯೂಕ್ ಎದ್ದು ಮನೆ ಸುತ್ತಿತು, ಸದ್ದಿಲ್ಲ. ನಾನು ನೆಮ್ಮದಿಯಿಂದ ಕಾಲು ಚಾಚಿದೆ. ರತ್ನ ಕಿಟಾರನೆ ಕಿರುಚಿದಳು: "ಅಯ್ಯಯ್ಯೋ! ಇದ್ಯಾವ್ದ್ರೀ ಉಗುರು?"

ನನ್ನದು. ನಾಯಿಯ ಉಗುರಿಗೆ ಮುಹೂರ್ತ ಹುಡುಕುವ ಭರದಲ್ಲಿ ನನ್ನ ಕಾಲುಗುರು ಬೆಳೆದು ಕೊಕ್ಕೆಯಾಗಿತ್ತು. ಕತ್ತಲಲ್ಲೇ ಅಮ್ಮನ ದನಿ ಬಂತು: "ದೀಪ ಅಚ್ಚಿದ್ಮೇಲೆ ಮುಟ್ಟಂಗಿಲ್ಲ. ಬೆಳಗಾದ್ರೆ ಶುಕ್ರವಾರ. ಆಮೇಲೆ ಶನಿವಾರ."

"ಅಂಗಾರೆ ಭಾನುವಾರದಗಂಟ ಜಗಲೀಲಿ ಮಲಕ್ಕೊಳ್ಳಿ" ಎಂದಳು ರತ್ನ.

ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗೂ ಬೆಳಗಿನವರೆಗೆ ಒಂದೇ ನಿದ್ದೆ: ಒಳಗೆ ಅಮ್ಮ, ರತ್ನ, ನನ್ನ ಹಾಸಿಗೆಯ ಮೇಲೆ ಡ್ಯೂಕ್. ನಾನೂ ಚೆನ್ನಾಗಿಯೇ ಮಲಗಿದೆನೆನ್ನಿ. ಡ್ಯೂಕನ ಗೋಣಿತಾಟು ಅಷ್ಟೇನೂ ಚುಚ್ಚುವುದಿಲ್ಲ.