ಆಸ್ಟಿನ್ನೋ ಮಾರಿಸ್ಸೋ

ನಮ್ಮ ಸೋದರಮಾವನಿಗೆ ಕಣ್ಣಿರುವುದು ಅನ್ನದಲ್ಲಿ ಕಲ್ಲು ಹುಡುಕಲಿಕ್ಕೆ ಮಾತ್ರ. ಕಾರುಗಳನ್ನು ಅವರು ನೋಡುವುದು ಕಿವಿಯಿಂದ! ನಂಬದಿದ್ದರೆ ಬಿಡಿ, ಮೊದಮೊದಲು ನಾನೂ ನಂಬಿರಲಿಲ್ಲ. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸೈಕಲ್ ಶಾಪು. ರಸ್ತೆಗೆ ಬೆನ್ನು ಹಾಕಿ ಕೂತು, ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ಕಾಯುತ್ತಿದ್ದವರು ಇದ್ದಕ್ಕಿದ್ದಂತೆ ಕೈ ಎತ್ತುತ್ತಿದ್ದರು.

"ಶ್! ಹಿಲ್ಮನ್ ಬತ್ತೈತೆ."

ನಾವು ತಿರುಗಿ ನೋಡಿದರೆ ರಸ್ತೆಯಲ್ಲಿ ಒಂದು ಎಮ್ಮೆ. ಎಮ್ಮೆ ಸಾವಕಾಶವಾಗಿ ದಾಟಿಹೋದ ಮೇಲೆ, ಬಾಣಾವರದ ಕಡೆಯಿಂದ, ಹೊಗೆಯ ಮೆರವಣಿಗೆಯೊಂದಿಗೆ, ಸಾಕ್ಷಾತ್ ಹಿಲ್ಮನ್ ಕಾರು! "ಮೂರನೇ ಸಿಲಿಂಡರಿಗೆ ನೆಗಡಿ ಆಗೈತೆ," ಎಂದು ಮಾವ ಮತ್ತೆ ಗುಳ್ಳೆಗೆ ಮರಳುತ್ತಿದ್ದರು. ನನ್ನ ಬಾಯಿ ಮಾತ್ರ ತೆರೆದೇ ಇರುತ್ತಿತ್ತು.

ಅದು ತೊಂಬತ್ತರ ದಶಕದ ಕೊನೆ. ಇಂಗ್ಲಿಷರು ಹೋಗಿ ಐವತ್ತು ವರ್ಷವಾಗಿದ್ದರೂ ಅವರ ಕಾರುಗಳು ನಮ್ಮ ಕಡೆಯಿಂದ ಪೂರ್ತಿ ಹೋಗಿರಲಿಲ್ಲ. ಬಹುಶಃ ಸ್ಟಾರ್ಟ್ ಆಗಿರಲಿಲ್ಲ! ಮಹಾರಾಜರ ಉದ್ದುದ್ದ ಕಾರುಗಳೆಂದರೆ ಮಾವನಿಗೆ ತಾತ್ಸಾರ. ಡಾಕ್ಟರು ಹೆರಿಗೆ ಮಾಡಿಸಲು ಓಡಿಸುತ್ತಿದ್ದ, ಮಂಡಿ ಸಾಹುಕಾರರು ಕೊಬ್ಬರಿ ಮೂಟೆ ತುರುಕುತ್ತಿದ್ದ ದಿನಬಳಕೆಯ ಆಸ್ಟಿನ್ನು, ಹಿಲ್ಮನ್ನು, ಮಾರಿಸ್ಸುಗಳೇ ಅವರಿಗೆ ಕಾರು. ಅದರಲ್ಲೂ ಮಾರಿಸ್ ಮೈನರ್ ಅಂದರೆ ಕಣ್ಣು ಮುಚ್ಚಿ ಕೈಮುಗಿಯುವುದೊಂದು ಬಾಕಿ. ಇಷ್ಟೆಲ್ಲಾ ಬಲ್ಲ ಮಾವನಿಗೆ ಕಾರು ಓಡಿಸಲು ಬರುತ್ತಿತ್ತೇ? ಇಲ್ಲ ಸ್ವಾಮಿ! ಅವರು ಜನ್ಮದಲ್ಲಿ ಹಿಡಿದದ್ದು ಸೈಕಲ್ ಹ್ಯಾಂಡಲ್ ಒಂದನ್ನೇ.

ನನಗೋ ಬರುತ್ತಿದ್ದ ವಿದ್ಯೆಯೂ ಒಂದೇ, ಅಣಕ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಸೀಟಿ, ಸ್ಟೇಷನ್ನಿನ ಮೈಕು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಪಿಯುಸಿ ಪಾಠ ಒಂದು ಬಿಟ್ಟು. ಎರಡನೇ ಸಲ ಪರೀಕ್ಷೆ ಕಟ್ಟಿ ಅಂಗಡಿಯಲ್ಲಿ ಕೂರುತ್ತಿದ್ದ ನನ್ನನ್ನು ಮಾವ ಪಳಗಿಸಿದರು.

"ಮಾರಿಸ್ ಹೊಡಿ."

"ಪುರ್‌ಪುರ್‌ಪುರ್..."

"ಥೂ, ಇದು ಆಸ್ಟಿನ್ ಕಣೋ! ಮಾರಿಸ್ ಅಂದ್ರೆ ಗೇರ್ ಇಳಿಸ್ದಾಗ ಉಂಡೋನು ತೇಗ್ದಂಗೆ ಇರ್ಬೇಕು. ನನ್ನ ಅಂಗಡೀಲಿ ಆಸ್ಟಿನ್ ಕೂಗ್ಬ್ಯಾಡ!"

ಆಸ್ಟಿನ್ ಮೇಲೇಕೆ ಇಷ್ಟು ಕೋಪ? ಕಾರಣ ನಮ್ಮತ್ತೆ. ಮಾವನ ಮದುವೆ ಆದದ್ದು ಬೇಲೂರಿನಲ್ಲಿ. ಹೆಣ್ಣು-ಗಂಡು ಇಬ್ಬರನ್ನೂ ಅರಸೀಕೆರೆಗೆ ಕರೆತಂದದ್ದು ಒಂದು ಬಾಡಿಗೆ ಕಾರು. ಅದು ಮಾರಿಸ್ ಎಂದು ಮಾವ, ಆಸ್ಟಿನ್ ಎಂದು ಅತ್ತೆ. ಇಪ್ಪತ್ತಾರು ವರ್ಷದಿಂದ ಮುದ್ದೆ ತಣ್ಣಗಾಗಿತ್ತೇ ಹೊರತು ಈ ಜಗಳ ಆರಿರಲಿಲ್ಲ.

"ತಲೆ ತಗ್ಗಿಸ್ಕಂಡು ಕೂತಿದ್ದೋಳು ನೀನು, ಕಾರಿನ ಮುಖ ಯಾವಾಗ ನೋಡ್ದೆ?"

"ತಾಳಿ ಕಟ್ಟೋಗಂಟ ನಿಮ್ಮ ಮುಖಾನೂ ನೋಡಿರಲಿಲ್ಲ. ಹಂಗಂತ ತಪ್ಪು ಮನೆಗೆ ಬಂದ್ನಾ?"

"ಅದು ಮೈನರ್ ಕಾರು ಕಣೇ!"

"ನಿಮ್ಮಂಗೇ ಬಿಡಿ. ಎಷ್ಟು ವಯಸ್ಸಾದ್ರೂ ಮೈನರ್ರು! ಡ್ರೈವರೇ ಬಾಯಿಬಿಟ್ಟು ಆಸ್ಟಿನ್ ಗಾಡಿ ಅಂದ. ನಿಮಗೊಬ್ರಿಗೇನಾ ದೇವ್ರು ಕಿವಿ ಕೊಟ್ಟಿರೋದು? ಅವತ್ತು ನಿಮಗೆ ಕಾರೊಂದೇ ಕಂಡಿದ್ದು."

ಕೊನೆಯ ಮಾತು ಹೇಳುವಾಗ ಅತ್ತೆಯ ದನಿ ಸ್ವಲ್ಪ ಬೇರೆಯಾಗುತ್ತಿತ್ತು. ಕಿವಿಯ ಚಕ್ರವರ್ತಿಗೆ ಅದು ಮಾತ್ರ ಕೇಳುತ್ತಿರಲಿಲ್ಲ.

ಆ ಕಾರನ್ನೇ ಹುಡುಕಿ ಅತ್ತೆಯ ಮುಂದೆ ನಿಲ್ಲಿಸಬೇಕೆಂಬುದು ಮಾವನ ಹಟ. ಗುರುತು ಒಂದೇ. ಹಾರನ್ ಗುಂಡಿಯ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತಂತೆ. ಭಾನುವಾರ ಬಂತೆಂದರೆ ನಾವಿಬ್ಬರೂ ಬಸ್ಸು ಹತ್ತುತ್ತಿದ್ದೆವು. ಹುಲಿಕೆರೆಯಲ್ಲಿ ಹಳೇ ಕಾರಿದೆ ಎಂದು ಸುದ್ದಿ ಬಂತು. "ಹಿಲ್ಮನ್ನಾ ಮಾರಿಸ್ಸಾ?" ಎಂದು ಮಾವ ಕೇಳಿದರೆ ಆ ಮನೆಯ ಯಜಮಾನರು, "ಇಲ್ಮನೇನೇ ಸ್ವಾಮಿ," ಎಂದು ಕಾರಿನ ಬಾಗಿಲು ತೆಗೆದರು. ಹತ್ತಿಪ್ಪತ್ತು ಇಲಿಗಳು ಹೊರಗೆ ಹಾರಿದವು! ನಮ್ಮ ಕಡೆ 'ಹ'ಕಾರ ನುಂಗುವುದರಿಂದ ಏನೆಲ್ಲಾ ಆಗುತ್ತದೆ ನೋಡಿ. ಅವರ ಪ್ರಕಾರ ಅಲ್ಲಿ ಇಲಿಗಳ ಮೂರನೇ ತಲೆಮಾರು ಸಂಸಾರ ಮಾಡುತ್ತಿತ್ತು.

ಬರುವಾಗ ಹಳೇಬೀಡಿನ ದೇವಸ್ಥಾನದಲ್ಲಿ ನಂದಿಯ ಮುಂದೆ ಇಂಗ್ಲೆಂಡಿನ ಅಜ್ಜಿಯೊಬ್ಬರು ಮೈಮರೆತು ನಿಂತಿದ್ದರು. ಮಾವ ನನ್ನ ಪಕ್ಕೆ ತಿವಿದರು. "ಅವ್ರ ಊರಿನ ಗಾಡಿ. ಹೊಡಿ, ಪರೀಕ್ಷೆ ಆಗೋಗ್ಲಿ." ಹಿಂದಿನಿಂದ ಹೋಗಿ ಮಾರಿಸ್ ಹೊಡೆದೆ, ಗೇರ್ ಇಳಿಸಿ ತೇಗಿದೆ. ಆ ಅಜ್ಜಿ ತಿರುಗಿಯೂ ನೋಡದೆ ಥಟ್ಟನೆ ಪಕ್ಕಕ್ಕೆ ಸರಿದು ಕಾರಿಗೆ ದಾರಿ ಬಿಟ್ಟರು! ನಾನು ಜೀವನದಲ್ಲಿ ಪಾಸಾದ ಪರೀಕ್ಷೆ ಅದೊಂದೇ.

ಕೊನೆಗೊಂದು ಶನಿವಾರ ಹಾಲಿನ ವ್ಯಾನಿನ ಡ್ರೈವರ್ ಸುದ್ದಿ ತಂದ. ಹಗರೆಯ ಹತ್ತಿರ ಒಂದು ಕೊಟ್ಟಿಗೆಯಲ್ಲಿ ಹಳೇ ಕಾರಿದೆ, ಸೋಮವಾರ ಗುಜರಿಯವನು ಬಂದು ಎತ್ತಿಕೊಂಡು ಹೋಗುತ್ತಾನೆ. ಮಾರನೆಯ ದಿನ ಮೊದಲ ಬಸ್ಸಿಗೇ ಹೊರಟೆವು. ಕೊಟ್ಟಿಗೆಯ ಒಡೆಯ ಹುಲ್ಲಿನ ಹೊರೆ ಸರಿಸಿ, ಮೇಲೆ ಕೂತಿದ್ದ ಎರಡು ಕೋಳಿ ಓಡಿಸಿದ. ಆಗ ಕಂಡಿತು. ದುಂಡನೆಯ ಬೆನ್ನು, ಮಗುವಿನ ಕೆನ್ನೆಯಂಥ ಮಡ್‌ಗಾರ್ಡು, ಆಶ್ಚರ್ಯಪಟ್ಟು ಹಾಗೇ ನಿಂತುಬಿಟ್ಟ ಎರಡು ದೀಪಗಳು. ಇಂಜಿನ್ನು ಯಾವಾಗಲೋ ಬಿಕರಿಯಾಗಿತ್ತು. ಮಾವ ಚಪ್ಪಲಿ ಬಿಟ್ಟು ಒಳಗೆ ಕೈ ಹಾಕಿ ಹಾರನ್ ಗುಂಡಿ ಸವರಿದರು. ಚಕ್ಕೆ ಇತ್ತು! ಬಾನೆಟ್ಟಿನ ಮೇಲೆ ಮಾರಿಸ್ ಎಂಬ ಇಂಗ್ಲಿಷ್ ಅಕ್ಷರಗಳೂ ಇದ್ದವು.

"ಗೆದ್ದೆ ಕಣೋ!" ಎಂದರು ಮಾವ.

"ನಮ್ಮಪ್ಪ ಬಾಡಿಗೆಗೆ ಓಡಿಸ್ತಿದ್ರು ಕಣಣ್ಣ," ಎಂದ ಒಡೆಯ. "ಆಸನ್ದಿಂದ ತಂದಿದ್ದು. ಅದಕ್ಕೇ ನಮ್ಮಪ್ಪ ಆಸನ್ದ್ ಗಾಡಿ, ಆಸನ್ದ್ ಗಾಡಿ ಅಂತಾನೇ ಕರೆಯೋರು."

ಹಾಸನದ ಗಾಡಿ! ಆಸನ್ದ್ ಗಾಡಿ, ಆಸ್ಟಿನ್ ಗಾಡಿ! ನಾನು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ಮಾವ ನಗಲಿಲ್ಲ.

"ಹಂಗಾರೆ ಅವ್ಳು ಕೇಳಿಸ್ಕಂಡಿದ್ದು ಸುಳ್ಳಲ್ಲ," ಎಂದರು.

ಮುಂದಿನ ಬಾಗಿಲಿಗೆ ಕೈ ಹಾಕಿದವರು ಏನೋ ಯೋಚಿಸಿ ಹಿಂದಿನ ಸೀಟಿಗೆ ಹೋಗಿ ಕೂತರು. ಮದುಮಗಳ ಹಾಗೆ ತಲೆ ತಗ್ಗಿಸಿದರು.

"ಏನ್ ಕಾಣುತ್ತೆ ಮಾವ?" ಎಂದು ರೇಗಿಸಿದೆ.

"ಮುಂದಿನ ಸೀಟಿನ ಬೆನ್ನು ಕಣೋ. ಇನ್ನೇನೂ ಇಲ್ಲ." ಕೈ ಚಾಚಿ ಆ ಸೀಟನ್ನು ಮುಟ್ಟಿ ತೋರಿಸಿದರು. "ಅವತ್ತು ನಾನು ಅಲ್ಲಿ ಕೂತಿದ್ದೆ, ಡ್ರೈವರ್ ಪಕ್ಕ. ಬೇಲೂರಿಂದ ಅರಸೀಕೆರೆಗಂಟ ಇಂಜಿನ್ ಕೇಳ್ಕಂಡೇ ಬಂದೆ. ಇವ್ಳು ಇಲ್ಲಿ ಅಳ್ತಾ ಕೂತಿದ್ಲಂತೆ. ಒಂದ್ಸಲಾನೂ ಹಿಂದೆ ತಿರುಗ್ಲಿಲ್ಲ ನಾನು."

ಸೋಮವಾರ ಬೆಳಿಗ್ಗೆ ಸೈಕಲ್ ಶಾಪಿಗೆ ಬೀಗ ಬಿತ್ತು. ಗುಜರಿಯವನಿಗಿಂತ ಮುಂಚೆ ನಾವು ಮೂವರೂ ಹಗರೆಯಲ್ಲಿ ಇಳಿದೆವು. "ತುಕ್ಕು ಕಬ್ಬಿಣ ನೋಡಕ್ಕೆ ರೇಷ್ಮೆ ಸೀರೆ ಉಡಿಸ್ಕಂಡು ಬಂದವ್ರೆ," ಎಂದು ದಾರಿಯುದ್ದಕ್ಕೂ ಗೊಣಗಿದ ಅತ್ತೆ, ಕಾರು ಕಂಡಾಗ ಗಕ್ಕನೆ ನಿಂತರು. ಒಂದು ಸುತ್ತು ಬಂದರು. ಬಾನೆಟ್ಟಿನ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಸತ್ತೆವು, ಈಗ ಶುರುವಾಯಿತು ಅಂದುಕೊಂಡೆ.

"ಕನ್ನಡಕ ಮರ್ತು ಬಂದೆ ಕಣೋ. ಏನ್ ಬರ್ದೈತೋ ಏನೋ," ಎಂದರು ಅತ್ತೆ.

ಕನ್ನಡಕ ಅವರ ಮೂಗಿನ ಮೇಲೇ ಇತ್ತು!

ಮಾವ ಹಿಂದಿನ ಬಾಗಿಲು ತೆಗೆದು ಅತ್ತೆಯನ್ನು ಕೂರಿಸಿದರು. ಆಮೇಲೆ ಆ ಕಡೆಯಿಂದ ಬಂದು ಪಕ್ಕದಲ್ಲಿ ತಾವೂ ಕೂತರು. ನನ್ನನ್ನು ಸ್ಟಿಯರಿಂಗ್ ಹಿಂದೆ ತಳ್ಳಿದ್ದರು. ಇಂಜಿನ್ ಇಲ್ಲದ ಕಾರಿಗೆ ಇಂಜಿನ್ ನಾನೇ ತಾನೆ? ಗಂಟಲು ಸರಿ ಮಾಡಿಕೊಂಡು, ಇಷ್ಟು ದಿನ ತಿದ್ದಿ ತೀಡಿದ ಮಾರಿಸ್ ಹೊಡೆಯಲು ಬಾಯಿ ತೆರೆದೆ.

"ಏಯ್," ಎಂದರು ಮಾವ ಹಿಂದಿನಿಂದ. "ಆಸ್ಟಿನ್ ಹೊಡಿ ಕಣೋ."

ಕನ್ನಡಿಯಲ್ಲಿ ನೋಡಿದೆ. ಅತ್ತೆ ತಲೆ ಎತ್ತಿ ಕೂತಿದ್ದರು. ಕನ್ನಡಿಯಿಂದ ಕಣ್ಣು ಕೀಳದೆಯೇ ನಾನು ಸ್ಟಾರ್ಟ್ ಮಾಡಿದೆ. ಹೊರಟ ಸದ್ದು ಆಸ್ಟಿನ್ನಿನದೋ ಮಾರಿಸ್ಸಿನದೋ ನನಗೇ ತಿಳಿಯಲಿಲ್ಲ.

ಮಾವ ತಿದ್ದಲಿಲ್ಲ.