ತುಂಗಕ್ಕನ ಕಣ್ಣಿಗೆ ಮಂಜೂರಾತಿ

"ನೋಡಿ ಸಾರ್, ಇದೇ ಅಶ್ರುಚೂಷಕ!" ಎಂದು ಚಿದಂಬರ ಎದೆಯುಬ್ಬಿಸಿ, ಅಕ್ಕ ತುಂಗಕ್ಕನ ಮೂಗಿನ ಮೇಲೆ ತಾನೇ ಮಾಡಿದ ಕನ್ನಡಕದಂಥದ್ದೊಂದನ್ನು ಕೂರಿಸಿದ. ಗಾಜಿಲ್ಲದ ಚೌಕಟ್ಟು, ಕಣ್ಣಿನ ಒಳಮೂಲೆಗಳಿಗೆ ಅಕ್ಕಿಕಾಳಿನಷ್ಟು ಎರಡು ಪಂಪು, ತಲೆಯ ಹಿಂದೆ ಬಿಗಿಯುವ ಪಟ್ಟಿ.

ತುಂಗಕ್ಕನ ಕಣ್ಣೀರಿನ ನಾಳಗಳು ಕಟ್ಟಿಕೊಂಡು ಎಂಟು ವರ್ಷವಾಗಿತ್ತು. ಮೂಗಿನೊಳಗೆ ಇಳಿಯಬೇಕಾದ ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು. ಹಾಲು ಕಾಯಿಸುವಾಗಲೂ, ನಗುವಾಗಲೂ ಅಳುಮುಖ! ಚಿದಂಬರನ ತಾಯಿಯಿಲ್ಲದ ಮಗಳು ಮೃದುಲಾಳನ್ನು ಎತ್ತಾಡಿಸಿ ಬೆಳೆಸಿದವಳು ಅವಳೇ. ಆದರೆ ಮೃದುಲಾಳ ಗುರುವಾರದ ಮದುವೆಗೆ ಬೀಗರು ಹೇಳಿಕಳಿಸಿದ್ದರು: "ಧಾರೆ ಹೊತ್ತಿಗೆ ಕಣ್ಣೀರು ಹಾಕ್ಕೊಂಡು ಯಾರೂ ಎದುರಿಗೆ ನಿಲ್ಲಬಾರದು." ಯಂತ್ರವನ್ನು ತೊಡಲು ವೈದ್ಯೋಪಕರಣ ಇಲಾಖೆಯ ಮಂಜೂರಾತಿ ಬೇಕಿತ್ತು. ಪರೀಕ್ಷಕ ಮರುಳಸಿದ್ದಪ್ಪನವರು ಬಂದದ್ದು ಅದಕ್ಕೇ.

ಗುಂಡಿ ಒತ್ತಿದ ಕೂಡಲೇ ಕೆನ್ನೆ ಆರಿತು. ಪರೀಕ್ಷಕರು ಕಣ್ಣಿನಡಿ ಬ್ಲಾಟಿಂಗ್ ಕಾಗದ ಒತ್ತಿ, ಬೆಳಕಿಗೆ ಹಿಡಿದರು.

"ಒಂದು ಹನಿ ಇದೆಯಲ್ರೀ?"

"ಇರಲೇಬೇಕು ಸಾರ್! ಇಲ್ಲದಿದ್ರೆ ಕಣ್ಣು ಒಣಗುತ್ತೆ."

"ನಮೂನೆಯಲ್ಲಿ ಹೊರಹರಿವು ಸೊನ್ನೆ ಅಂತಿದೆ. ಸೊನ್ನೆ ಅಂದ್ರೆ ಸೊನ್ನೆ."

"ಸುಮ್ಮನೆ ಸುರಿಯೋದು ಸೊನ್ನೆ ಸಾರ್, ಅಳೋದಲ್ಲ!"

"ಅಳೋದಕ್ಕೆ ಬೇರೆ ಕಾಲಂ ಇಲ್ಲ."

ತುಂಗಕ್ಕ ತಾಳಲಾರದೆ ಹೇಳಿದಳು: "ತಿರುಗಿಸಿಬಿಡೋ ಚಿದು. ಅವಳ ಧಾರೆ ನೋಡಿದ್ರೆ ಸಾಕು ನಂಗೆ."

ಚಿದಂಬರ ಪಂಪಿನ ಎಳೆತ ಹೆಚ್ಚಿಸುವ ಸ್ಕ್ರೂವನ್ನು ಕೊನೆಯವರೆಗೂ ತಿರುಗಿಸಿದ. ಕಾಗದ ಗರಿಗರಿಯಾಗಿಯೇ ಉಳಿಯಿತು. ಪರೀಕ್ಷಕರು ಸ್ಕ್ರೂವಿಗೂ ತಲೆಪಟ್ಟಿಯ ಕೊಂಡಿಗೂ ಅರಗು ಸುರಿದು ಸರ್ಕಾರಿ ಮುದ್ರೆ ಒತ್ತಿದರು.

ಮರುದಿನ ಒಗ್ಗರಣೆಯ ಘಾಟಿಗೆ ತುಂಗಕ್ಕ ಸೀನಿದಳು. ಕುಯ್ಯ್! ಚಿದಂಬರ ಓಡಿ ಬಂದು ಒಲೆ ಆರಿಸಿದ.

"ಎಷ್ಟು ಕೂಗಾಯ್ತಕ್ಕಾ?"

"ಕುಕ್ಕರ್ ಇಟ್ಟೇ ಇಲ್ವಲ್ಲೋ! ನನ್ನ ಕಣ್ಣು ಕಣೋ ಕೂಗಿದ್ದು!"

ಎಳೆತ ಹೆಚ್ಚಾಗಿ, ಕಟ್ಟಿದ್ದ ನಾಳಗಳು ತೆರೆದು ಅಗಲವಾಗಿದ್ದವು. ಮೂಗಿನ ಗಾಳಿ ಕಣ್ಣಿನಿಂದ ಹೊರಬೀಳುತ್ತಿತ್ತು. ನಿಟ್ಟುಸಿರಿಗೂ ಸಿಳ್ಳೆ! ಪಕ್ಕದ ಮನೆಯ ನಾಯಿ ಎರಡು ಸಲ ಬಾಗಿಲಿಗೆ ಬಂದು ನಿಂತಿತು.

ಗುರುವಾರ ಉಸಿರು ಬಿಗಿಹಿಡಿದು ಅವಳು ಧಾರೆ ನೋಡಿದಳು. ಒಣಗಣ್ಣು ಕಂಡು ಬೀಗಿತ್ತಿ ತಲೆಯಾಡಿಸಿದಳು. ಮಧ್ಯಾಹ್ನ ಹೆಣ್ಣೊಪ್ಪಿಸುವ ಶಾಸ್ತ್ರ. ಅಡುಗೆಯವರ ಕಣ್ಣೂ ಒದ್ದೆಯಾಗಿತ್ತು. "ಅತ್ತೇ..." ಎಂದು ಮೃದುಲಾ ಹೆಗಲಿಗೆ ಬಿದ್ದಾಗ ತುಂಗಕ್ಕನ ಎದೆ ಒಡೆದುಹೋಯಿತು. ಒಂದು ಹನಿಯೂ ಬರಲಿಲ್ಲ. ಬಂದದ್ದು ಎರಡು ಸಿಳ್ಳೆ, ಎರಡು ಸ್ವರದಲ್ಲಿ! ನಾದಸ್ವರದವನು ಅಭ್ಯಾಸಬಲದಿಂದ ಶ್ರುತಿ ಸೇರಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು.

"ಸಾಕಿದ ಮಗು ಹೊರಟಿದ್ರೆ ಸಿಳ್ಳೆ ಹೊಡೀತಾರಲ್ರೀ!" ಬೀಗಿತ್ತಿ ಬಾಯಿಗೆ ಸೆರಗು ಹಿಡಿದಳು.

"ತೆಗಿಯೋ ಚಿದು ಇದನ್ನ! ನಾನು ಅಳಬೇಕು ಕಣೋ!"

ಚಿದಂಬರ ಕೊಂಡಿಗೆ ಕೈಹಾಕಿದ. ಬಳಕೆಯ ವರದಿ ಬರೆಯಲು ಬಂದು ಊಟವನ್ನೂ ಮುಗಿಸಿದ್ದ ಮರುಳಸಿದ್ದಪ್ಪನವರು ಎಲೆಯಡಿಕೆ ಜಗಿಯುತ್ತ ತಡೆದರು. "ಮುದ್ರೆ ಒಡೆದ್ರೆ ಜೈಲು ಕಣ್ರೀ. ತೆಗೆಯೋದಕ್ಕೂ ಮಂಜೂರಾತಿ ಬೇಕು. ಅರ್ಜಿ ಕೊಡಿ, ತೊಂಬತ್ತು ದಿನದಲ್ಲಿ ಆಗುತ್ತೆ."

ಮದುಮಗಳ ಕಾರು ತಿರುವು ದಾಟಿದ ಮೇಲೂ ತುಂಗಕ್ಕನ ಕಣ್ಣುಗಳು ಕೂಗುತ್ತಲೇ ಇದ್ದವು. ಪರೀಕ್ಷಕರು ಪೆನ್ನು ತೆಗೆದು ಬರೆದುಕೊಂಡರು: "ರೋಗಿ ಈಗ ಅಳುತ್ತಿಲ್ಲ."